ಖುಷಿಯ ತುತ್ತತುದಿಗೆ ಒಂದು ಇಂಗ್ಲಿಷ್ ಪದ: ‘ಓವರ್‌ಜಾಯ್ಡ್’ ಸರಿಯಾಗಿ ಬಳಸಲು ಸಮಗ್ರ ಮಾರ್ಗದರ್ಶಿ

ದ್ವಿತೀಯ ಪಿಯುಸಿ ಫಲಿತಾಂಶ ಬಂದ ದಿನ ನಮ್ಮ ಕಡೆಯ ವಾಟ್ಸಾಪ್ ಗ್ರೂಪುಗಳಿಗೆ ಪುರುಸೊತ್ತೇ ಇರುವುದಿಲ್ಲ. 2024ರಲ್ಲಿ ದಕ್ಷಿಣ ಕನ್ನಡ ಶೇ. 97.37 ಪಡೆದು ರಾಜ್ಯಕ್ಕೇ ಮೊದಲು ಬಂತು, ಉಡುಪಿ ಶೇ. 96.80 ಪಡೆದು ಎರಡನೆಯದಾಯಿತು. 2025ರಲ್ಲಿ ಉಡುಪಿ ಮೇಲೆ ಹೋಯಿತು, ಶೇ. 93.90. ದಕ್ಷಿಣ ಕನ್ನಡಕ್ಕೆ ಶೇ. 93.57. ಈ ಹಗ್ಗಜಗ್ಗಾಟ ನಿಲ್ಲುವಂಥದ್ದಲ್ಲ ಬಿಡಿ. ನಾನು ಹೇಳಹೊರಟದ್ದು ಅಂಕಪಟ್ಟಿಯ ಫೋಟೋ ಕೆಳಗೆ ಅಪ್ಪ, ಮಾವ, ಗಲ್ಫಿನಲ್ಲಿರುವ ಅಣ್ಣ ಎಲ್ಲರೂ ಇಂಗ್ಲಿಷಿನಲ್ಲಿ ಬರೆಯುವ ಆ ಎರಡು ಸಾಲಿನ ಬಗ್ಗೆ. ‘ವೆರಿ ಓವರ್‌ಜಾಯ್ಡ್ ನ್ಯೂಸ್’. ‘ಐ ಓವರ್‌ಜಾಯ್ಡ್ ಫಾರ್ ಮೈ ಡಾಟರ್ ರಿಸಲ್ಟ್’. ಮಗಳ ಇಂಗ್ಲಿಷ್ ಅಂಕ ನೂರಕ್ಕೆ ತೊಂಬತ್ತೆಂಟು, ಅಪ್ಪನ ಸಾಲಿನಲ್ಲಿ ಮೂರು ತಪ್ಪು!

ಈ ಪದ ಕಷ್ಟದ್ದೇನಲ್ಲ. ಅರ್ಥ ಎಲ್ಲರಿಗೂ ಗೊತ್ತು, ಹಿಗ್ಗಿ ಹೋಗುವಷ್ಟು ಖುಷಿ. ತೊಡಕು ಇರುವುದು ವಾಕ್ಯದಲ್ಲಿ ಅದನ್ನು ಎಲ್ಲಿ ಇಡಬೇಕು, ಯಾವ ಪದದ ಜೊತೆ ಸೇರಿಸಬೇಕು, ಯಾವಾಗ ಬಳಸಲೇಬಾರದು ಅನ್ನುವುದರಲ್ಲಿ. ಒಂದೊಂದೇ ಹೆಜ್ಜೆಯಾಗಿ ನೋಡೋಣ.

ಮೊದಲು ಬರೆಯುವುದು, ಹೇಳುವುದು

ಇದು ಒಂದೇ ಪದ. ‘ಓವರ್’ ಮತ್ತು ‘ಜಾಯ್ಡ್’ ನಡುವೆ ಜಾಗ ಬಿಡಬಾರದು, ಅಡ್ಡಗೆರೆಯೂ ಬೇಡ. ಅಕ್ಷರ ಹೀಗೆ: ಒ, ವಿ, ಇ, ಆರ್, ಜೆ, ಒ, ವೈ, ಇ, ಡಿ. ಹೇಳುವಾಗ ಒತ್ತು ‘ಜಾಯ್’ ಮೇಲೆ ಬೀಳಬೇಕು. ಕೊನೆಯ ‘ಇ, ಡಿ’ ನೋಡಿ ಕೆಲವರು ‘ಓವರ್‌ಜಾಯೆಡ್’ ಅನ್ನುತ್ತಾರೆ. ಹಾಗಲ್ಲ, ‘ಜಾಯ್ಡ್’ ಅಂತ ಒಂದೇ ಉಸಿರಿನಲ್ಲಿ ಮುಗಿಯಬೇಕು. ಮೂಲಪದ ಟಿ ಅಥವಾ ಡಿ ಸದ್ದಿನಲ್ಲಿ ಮುಗಿದರೆ ಮಾತ್ರ ‘ಎಡ್’ ಬೇರೆಯಾಗಿ ಕೇಳುತ್ತದೆ: ಡಿಲೈಟ್, ಡಿಲೈಟೆಡ್.

ಇಲ್ಲಿರುವ ‘ಓವರ್’ ಬಗ್ಗೆಯೂ ಒಂದು ಮಾತು. ‘ಓವರ್‌ಈಟ್’ ಅಂದರೆ ಮಿತಿ ಮೀರಿ ತಿನ್ನುವುದು, ‘ಓವರ್‌ಲೋಡ್’ ಅಂದರೆ ಹೊರಲಾರದಷ್ಟು ಹೇರುವುದು. ಅಲ್ಲೆಲ್ಲ ‘ಅತಿಯಾಯ್ತು’ ಅನ್ನುವ ದೂರು ಇದೆ. ‘ಓವರ್‌ಜಾಯ್ಡ್’ನಲ್ಲಿ ಆ ದೂರು ಇಲ್ಲ. ಖುಷಿ ಅತಿಯಾಗಿ ಕೆಟ್ಟುಹೋಯಿತು ಎಂದಲ್ಲ, ಖುಷಿ ತುಂಬಿ ಬಂತು ಎಂದಷ್ಟೇ. ನಮ್ಮ ಕಡೆ ‘ಅವನದ್ದು ಸ್ವಲ್ಪ ಓವರ್ ಆಯ್ತು ಮಾರಾಯ’ ಅನ್ನುವ ಮಾತು ಜಾಸ್ತಿ ಇರುವುದರಿಂದ ಈ ಗೊಂದಲ ಬರುತ್ತದೆ.

ಖುಷಿ ಯಾರದ್ದು ಅನ್ನುವುದು ಮೊದಲು ಇತ್ಯರ್ಥ ಆಗಲಿ

ಎಲ್ಲ ತಪ್ಪುಗಳ ಬೇರು ಇಲ್ಲಿದೆ. ಕನ್ನಡದಲ್ಲಿ ‘ನನಗೆ ತುಂಬಾ ಖುಷಿ ಆಯ್ತು’ ಅನ್ನುತ್ತೇವೆ. ತುಳುವಿನಲ್ಲಿ ‘ಎಂಕ್ ಭಾರೀ ಖುಷಿ ಆಂಡ್’. ಕೊಂಕಣಿಯಲ್ಲಿ ‘ಮ್ಹಾಕಾ ಭಾರಿಚ್ ಖುಶಿ ಜಾಲಿ’. ಮನೆಯಲ್ಲಿ ಒಂದು, ಅಂಗಡಿಯಲ್ಲಿ ಒಂದು, ಶಾಲೆಯಲ್ಲಿ ಇನ್ನೊಂದು ಭಾಷೆ ಮಾತಾಡುವವರು ನಾವು. ಆದರೆ ಈ ಒಂದು ವಿಷಯದಲ್ಲಿ ಮೂರೂ ಭಾಷೆ ಒಂದೇ ದಾರಿ ಹಿಡಿದಿವೆ. ಖುಷಿ ಅನ್ನುವುದು ಎಲ್ಲಿಂದಲೋ ಬಂದು ನನಗೆ ‘ಆಗುತ್ತದೆ’. ವಾಕ್ಯದ ಕರ್ತೃ ಖುಷಿಯೇ ಹೊರತು ನಾನಲ್ಲ.

ಇಂಗ್ಲಿಷಿನಲ್ಲಿ ಉಲ್ಟಾ. ಅಲ್ಲಿ ನಾನೇ ಕರ್ತೃ. ‘ಐ ವಾಸ್ ಓವರ್‌ಜಾಯ್ಡ್’. ಹಾಗಾಗಿ ಬರೆಯಲು ಕೂತಾಗ ಮೊದಲ ಪ್ರಶ್ನೆ ಇದೇ ಆಗಿರಲಿ: ಖುಷಿಪಟ್ಟದ್ದು ಯಾರು? ಆ ವ್ಯಕ್ತಿಯ ಹೆಸರನ್ನೋ ಸರ್ವನಾಮವನ್ನೋ ವಾಕ್ಯದ ತಲೆಯಲ್ಲಿ ಕೂರಿಸಿ. ‘ಮೈ ಗ್ರ್ಯಾಂಡ್‌ಮದರ್’, ‘ದ ಹೋಲ್ ಫ್ಯಾಮಿಲಿ’, ‘ವಿ’, ‘ದ ಫಿಶರ್‌ಮೆನ್’. ಅರ್ಧ ಕೆಲಸ ಅಲ್ಲಿಗೇ ಮುಗಿಯಿತು.

ಇದರಿಂದ ಇನ್ನೊಂದು ತೀರ್ಮಾನವೂ ತಾನಾಗಿ ಬರುತ್ತದೆ. ಖುಷಿಪಡಲು ಮನಸ್ಸು ಬೇಕು. ಸುದ್ದಿಗೆ ಮನಸ್ಸಿಲ್ಲ, ದಿನಕ್ಕೆ ಇಲ್ಲ, ಸಮಾರಂಭಕ್ಕೂ ಇಲ್ಲ. ಆದ್ದರಿಂದ ‘ಓವರ್‌ಜಾಯ್ಡ್ ನ್ಯೂಸ್’, ‘ಓವರ್‌ಜಾಯ್ಡ್ ಮೊಮೆಂಟ್’, ‘ಓವರ್‌ಜಾಯ್ಡ್ ಡೇ’ ಮೂರೂ ತಪ್ಪು. ಉಡುಪಿಯಲ್ಲಿ ಎರಡು ವರ್ಷಕ್ಕೊಮ್ಮೆ ಜನವರಿ 18ಕ್ಕೆ ಪರ್ಯಾಯ, ಅಂದರೆ ಕೃಷ್ಣಮಠದ ಪೂಜೆಯ ಹೊಣೆ ಒಂದು ಮಠದಿಂದ ಇನ್ನೊಂದಕ್ಕೆ ದಾಟುವ ಉತ್ಸವ ಬರುತ್ತದೆ, ಅಲ್ವಾ? ಅದನ್ನು ‘ಎ ಜಾಯಸ್ ಅಕೇಶನ್’ ಅನ್ನಬಹುದು. ರಥಬೀದಿಯಲ್ಲಿ ರಾತ್ರಿಯಿಡೀ ನಿಂತು ಮೆರವಣಿಗೆ ನೋಡಿದವರು ಓವರ್‌ಜಾಯ್ಡ್ ಆಗಬಹುದು. ಪರ್ಯಾಯವೇ ಓವರ್‌ಜಾಯ್ಡ್ ಆಗುವುದಿಲ್ಲ. ಸುದ್ದಿಗೆ ‘ವಂಡರ್‌ಫುಲ್ ನ್ಯೂಸ್’, ಕ್ಷಣಕ್ಕೆ ‘ಎ ಜಾಯ್‌ಫುಲ್ ಮೊಮೆಂಟ್’, ದಿನಕ್ಕೆ ಸುಮ್ನೆ ‘ಎ ಹ್ಯಾಪಿ ಡೇ’ ಸಾಕು.

‘ಓವರ್‌ಜಾಯಿಂಗ್’ ಅಂತ ಬರೆದು ದಾಟಿಕೊಳ್ಳೋಣ ಅಂದರೆ ಅದೂ ಇಲ್ಲ. ‘ಥ್ರಿಲ್ಡ್, ಥ್ರಿಲ್ಲಿಂಗ್’, ‘ಎಕ್ಸೈಟೆಡ್, ಎಕ್ಸೈಟಿಂಗ್’ ಅನ್ನುವ ಜೋಡಿಗಳು ಇರುವ ಹಾಗೆ ಇದಕ್ಕೆ ಬಳಕೆಯಲ್ಲಿ ಜೋಡಿ ಇಲ್ಲ.

‘ವಾಸ್’ ಎಲ್ಲಿ ಹೋಯಿತು?

‘ಶಿ ಓವರ್‌ಜಾಯ್ಡ್ ವೆನ್ ಶಿ ಸಾ ಹರ್ ಬ್ರದರ್’. ಈ ಸಾಲಿನಲ್ಲಿ ಏನೋ ಕಡಿಮೆ ಇದೆ. ಕೊನೆಗೆ ‘ಇ, ಡಿ’ ಇರುವುದರಿಂದ ಇದು ‘ಎಂಜಾಯ್ಡ್’ ಥರದ ಭೂತಕಾಲದ ಕ್ರಿಯಾಪದ ಅಂತ ಕಾಣುತ್ತದೆ. ಹಿಂದಿನ ಕಾಲದ ಇಂಗ್ಲಿಷಿನಲ್ಲಿ ‘ಓವರ್‌ಜಾಯ್’ ಅನ್ನುವ ಕ್ರಿಯಾಪದ ಇದ್ದದ್ದು ನಿಜ. ಈಗ ಅದನ್ನು ಯಾರೂ ಬಳಸುವುದಿಲ್ಲ ಎನ್ನಬಹುದು. ಉಳಿದಿರುವುದು ವಿಶೇಷಣ ಮಾತ್ರ. ವಿಶೇಷಣ ತಾನಾಗಿ ವಾಕ್ಯ ನಡೆಸುವುದಿಲ್ಲ, ಅದಕ್ಕೊಂದು ಕ್ರಿಯಾಪದ ಬೇಕು. ಹಾಗಾಗಿ ‘ಶಿ ವಾಸ್ ಓವರ್‌ಜಾಯ್ಡ್’.

ಕಾಲ ಬದಲಾದರೆ ಬದಲಾಗುವುದು ಆ ಕ್ರಿಯಾಪದವೇ. ಈಗಿನ ಖುಷಿಗೆ ‘ಐ ಆ್ಯಮ್ ಓವರ್‌ಜಾಯ್ಡ್’. ಮುಂದೆ ಆಗಬಹುದಾದದ್ದಕ್ಕೆ ‘ಅಮ್ಮ ವಿಲ್ ಬಿ ಓವರ್‌ಜಾಯ್ಡ್’. ಊಹೆ ಮಾಡುವಾಗ ‘ಯು ಮಸ್ಟ್ ಬಿ ಓವರ್‌ಜಾಯ್ಡ್’. ಈ ಕೊನೆಯದನ್ನು ಬಾಯಿಪಾಠ ಮಾಡಿಟ್ಟುಕೊಳ್ಳಿ. ಮೊಮ್ಮಗು ಹುಟ್ಟಿತು, ಮಗಳಿಗೆ ಮೆಡಿಕಲ್ ಸೀಟು ಸಿಕ್ಕಿತು, ಕೋರ್ಟಿನಲ್ಲಿ ಜಾಗದ ತಕರಾರು ಮುಗಿಯಿತು ಅಂತ ಯಾರಾದರೂ ಹೇಳಿದರೆ ತಕ್ಷಣ ಹೇಳಲು ಇದಕ್ಕಿಂತ ಒಳ್ಳೆಯ ಸಾಲಿಲ್ಲ. ‘ಫೆಲ್ಟ್’, ‘ಲುಕ್ಡ್’, ‘ಸೀಮ್ಡ್’, ‘ಸೌಂಡೆಡ್’ ಕೂಡ ಇದರ ಜೊತೆ ಚೆನ್ನಾಗಿ ಹೊಂದುತ್ತವೆ. ‘ಯು ಸೌಂಡೆಡ್ ಓವರ್‌ಜಾಯ್ಡ್ ಆನ್ ದ ಫೋನ್’.

‘ಖುಷಿ ಆಗ್ತಾ ಇದೆ’ ಅನ್ನುವುದನ್ನು ನೇರ ಎತ್ತಿ ಹಾಕಿ ‘ಐ ಆ್ಯಮ್ ಗೆಟಿಂಗ್ ಓವರ್‌ಜಾಯ್ಡ್’ ಅನ್ನಬೇಡಿ. ನಮ್ಮ ‘ಆಗ್ತಾ ಇದೆ’ಗೆ ಇಂಗ್ಲಿಷಿನ ‘ಐ ಆ್ಯಮ್’ ಒಂದೇ ಸಾಕು.

ಖುಷಿಗೆ ಕಾರಣ ಜೋಡಿಸುವುದು

ಇಲ್ಲಿ ಸ್ವಲ್ಪ ನಿಧಾನವಾಗಿ ಹೋಗೋಣ. ಜಾಸ್ತಿ ಜನ ಎಡವುವುದು ಇಲ್ಲೇ.

ಕನ್ನಡದಲ್ಲಿ ಕಾರಣ ಹೇಳಲು ‘-ದ್ದಕ್ಕೆ’ ಸಾಕು. ಕೆಲಸ ಸಿಕ್ಕಿದ್ದಕ್ಕೆ ಖುಷಿ, ನೀವು ಬಂದದ್ದಕ್ಕೆ ಖುಷಿ. ಆ ‘ಕ್ಕೆ’ಯನ್ನು ಕೈ ತಾನಾಗಿ ‘ಫಾರ್’ ಅಂತ ಬರೆದುಬಿಡುತ್ತದೆ: ‘ಓವರ್‌ಜಾಯ್ಡ್ ಫಾರ್ ಗೆಟಿಂಗ್ ದ ಜಾಬ್’. ತಪ್ಪು. ಹಾಗೆಯೇ ‘ನಿಮ್ಮನ್ನು ನೋಡಿ ಖುಷಿ ಆಯ್ತು’ ಅನ್ನುವ ‘ನೋಡಿ’ ಹೋಗಿ ‘ಬೈ ಸೀಯಿಂಗ್ ಯು’ ಆಗುತ್ತದೆ. ಅದನ್ನೂ ಇಂಗ್ಲಿಷಿನವರು ಹೇಳುವುದಿಲ್ಲ.

ಸರಿಯಾದ ದಾರಿಗಳಲ್ಲಿ ಎಲ್ಲಕ್ಕಿಂತ ಸುಲಭವಾದದ್ದು ‘ಟು’ ಮತ್ತು ಅದರ ಮುಂದೆ ಕ್ರಿಯಾಪದ. ‘ಐ ವಾಸ್ ಓವರ್‌ಜಾಯ್ಡ್ ಟು ಗೆಟ್ ದ ಜಾಬ್’. ‘ಐ ವಾಸ್ ಓವರ್‌ಜಾಯ್ಡ್ ಟು ಸೀ ಯು’. ‘ಟು’ ಆದ ಮೇಲೆ ಯಾವ ಕ್ರಿಯಾಪದ ಬೇಕಾದರೂ ಬರಬಹುದಾದರೂ ಹೆಚ್ಚಾಗಿ ಬರುವುದು ನೋಡುವ, ಕೇಳುವ, ತಿಳಿಯುವ, ಸಿಗುವ ಪದಗಳು: ಸೀ, ಹಿಯರ್, ಲರ್ನ್, ಫೈಂಡ್, ಗೆಟ್, ರಿಸೀವ್. ಬಜ್ಪೆ ವಿಮಾನ ನಿಲ್ದಾಣದ ಹೊರಗೆ ಕಾಯುತ್ತಿರುವ ತಾಯಿಯನ್ನು ನೆನೆಸಿಕೊಳ್ಳಿ. ದುಬೈಯಿಂದ ಮಗ ಬಂದಿದ್ದಾನೆ, ಟ್ರಾಲಿ ತಳ್ಳಿಕೊಂಡು ಗಾಜಿನ ಬಾಗಿಲು ದಾಟುತ್ತಿದ್ದಾನೆ. ‘ಶಿ ವಾಸ್ ಓವರ್‌ಜಾಯ್ಡ್ ಟು ಸೀ ಹಿಮ್’. ಈ ಪದಕ್ಕೆ ಇದಕ್ಕಿಂತ ಒಪ್ಪುವ ಜಾಗ ಇಲ್ಲ.

ಆದರೆ ‘ಟು’ಗೆ ಒಂದು ಷರತ್ತು ಇದೆ. ಖುಷಿಪಟ್ಟವರೂ ಆ ಕೆಲಸ ಮಾಡಿದವರೂ ಒಬ್ಬರೇ ಆಗಿರಬೇಕು. ‘ನನಗೆ ಸೀಟು ಸಿಕ್ಕಿದ್ದಕ್ಕೆ ಅಮ್ಮನಿಗೆ ಖುಷಿ ಆಯ್ತು’ ಅನ್ನಲು ‘ಮೈ ಮದರ್ ವಾಸ್ ಓವರ್‌ಜಾಯ್ಡ್ ಟು ಗೆಟ್ ದ ಸೀಟ್’ ಅಂತ ಬರೆದರೆ ಅರ್ಥವೇ ಬೇರೆ. ಕಾಲೇಜಿಗೆ ಸೇರಿದ್ದು ನೀವಲ್ಲ, ನಿಮ್ಮ ಅಮ್ಮ! ವ್ಯಾಕರಣದಲ್ಲಿ ಎಲ್ಲೂ ತಪ್ಪಿಲ್ಲ, ಸೀಟು ಮಾತ್ರ ಕೈ ಬದಲಾಯಿತು. ಹೀಗೆ ಇಬ್ಬರು ಬೇರೆ ಬೇರೆಯಾಗಿರುವಾಗ ‘ದ್ಯಾಟ್’ ಹಾಕಿ ಪೂರ್ತಿ ವಾಕ್ಯ ಬರೆಯಬೇಕು: ‘ಮೈ ಮದರ್ ವಾಸ್ ಓವರ್‌ಜಾಯ್ಡ್ ದ್ಯಾಟ್ ಐ ಗಾಟ್ ದ ಸೀಟ್’. ‘ವೆನ್’ ಕೂಡ ಆಗುತ್ತದೆ. ‘ದ್ಯಾಟ್’ ಖುಷಿಗೆ ಕಾರಣ ಹೇಳುತ್ತದೆ, ‘ವೆನ್’ ಖುಷಿ ಆದ ಹೊತ್ತು ಹೇಳುತ್ತದೆ.

ಕಾರಣ ಒಂದು ನಾಮಪದವಾಗಿದ್ದರೆ, ಅಂದರೆ ಸುದ್ದಿ, ತೀರ್ಪು, ಫಲಿತಾಂಶ, ಗೆಲುವು ಇಂಥದ್ದಾಗಿದ್ದರೆ ‘ಆ್ಯಟ್’ ಹಾಕಿ. 2023ರ ಮೇ 18ರಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ ಕಂಬಳಕ್ಕೆ ಅವಕಾಶ ಕೊಡುವ ಕರ್ನಾಟಕದ ತಿದ್ದುಪಡಿಯನ್ನು ಎತ್ತಿಹಿಡಿಯಿತು. ಆ ದಿನದ ಬಗ್ಗೆ ಬರೆಯುವುದಾದರೆ ‘ಕಂಬಳ ಲವರ್ಸ್ ವರ್ ಓವರ್‌ಜಾಯ್ಡ್ ಆ್ಯಟ್ ದ ವರ್ಡಿಕ್ಟ್’. ಇಲ್ಲಿ ‘ಬೈ’ ಹಾಕಿದರೂ ನಡೆಯುತ್ತದೆ. ‘ವಿತ್’ ಬರುವುದು ಕೈಗೆ ಸಿಕ್ಕಿದ ವಸ್ತುವಿಗೆ, ಕಣ್ಣೆದುರಿನ ಫಲಕ್ಕೆ: ‘ಹಿ ವಾಸ್ ಓವರ್‌ಜಾಯ್ಡ್ ವಿತ್ ಹಿಸ್ ನ್ಯೂ ಬೈಕ್’. ‘ಅಬೌಟ್’ ಮಾತಿನಲ್ಲಿ ಜಾಸ್ತಿ. ‘ಓವರ್’ ಮಾತ್ರ ಬೇಡ. ‘ಓವರ್‌ಜಾಯ್ಡ್ ಓವರ್’ ಅಂತ ಒಮ್ಮೆ ಜೋರಾಗಿ ಹೇಳಿ ನೋಡಿ, ಕಿವಿಯೇ ಬೇಡ ಅನ್ನುತ್ತದೆ.

ಹಾಗಾದರೆ ‘ಫಾರ್’ಗೆ ಜಾಗವೇ ಇಲ್ಲವೇ? ಇದೆ. ಬೇರೆಯವರ ಒಳ್ಳೆಯದಕ್ಕಾಗಿ ನೀವು ಖುಷಿಪಡುವಾಗ ಆ ವ್ಯಕ್ತಿಯ ಮುಂಚೆ ‘ಫಾರ್’ ಬರುತ್ತದೆ. ಗೆಳತಿಗೆ ಮದುವೆ ನಿಶ್ಚಯವಾಯಿತು: ‘ಐ ಆ್ಯಮ್ ಓವರ್‌ಜಾಯ್ಡ್ ಫಾರ್ ಯು’. ‘ಫಾರ್’ ಮುಂದೆ ಮನುಷ್ಯರು ಬಂದರೆ ಸರಿ, ಕೆಲಸ ಬಂದರೆ ತಪ್ಪು. ಅಷ್ಟು ನೆನಪಿದ್ದರೆ ಆಯಿತು.

‘ವೆರಿ’ ಯಾಕೆ ಬೇಡ

ಓವರ್‌ಜಾಯ್ಡ್ ಅಂದಾಗಲೇ ಖುಷಿ ತುದಿ ಮುಟ್ಟಿದೆ. ಅದಕ್ಕೆ ‘ವೆರಿ’ ಸೇರಿಸುವುದು ತುಂಬಿದ ಕೊಡಕ್ಕೆ ಮತ್ತೆ ನೀರು ಹೊಯ್ದ ಹಾಗೆ. ‘ವೆರಿ ಮಚ್ ಓವರ್‌ಜಾಯ್ಡ್’ ಇನ್ನೂ ಕಷ್ಟ. ಹಾಗೆಯೇ ‘ಎ ಲಿಟಲ್ ಓವರ್‌ಜಾಯ್ಡ್’, ‘ಸ್ಲೈಟ್ಲಿ ಓವರ್‌ಜಾಯ್ಡ್’ ಕೂಡ ಇಲ್ಲ. ಸ್ವಲ್ಪ ಖುಷಿ ಆಗಿದ್ದರೆ ‘ಪ್ಲೀಸ್ಡ್’ ಇದೆಯಲ್ಲ.

ಒತ್ತಿ ಹೇಳಲೇಬೇಕು ಅನ್ನಿಸಿದರೆ ‘ಆ್ಯಬ್ಸಲ್ಯೂಟ್ಲಿ’, ‘ಸಿಂಪ್ಲಿ’, ‘ಟ್ರೂಲಿ’ ಹೊಂದುತ್ತವೆ. ‘ವಿ ವರ್ ಆ್ಯಬ್ಸಲ್ಯೂಟ್ಲಿ ಓವರ್‌ಜಾಯ್ಡ್’. ‘ಸೋ ಓವರ್‌ಜಾಯ್ಡ್’ ಅಂತ ಮಾತಿನಲ್ಲಿ ಇಂಗ್ಲಿಷಿನವರೇ ಹೇಳುತ್ತಾರೆ, ಅದನ್ನು ತಪ್ಪು ಅನ್ನಲು ನನಗೆ ಮನಸ್ಸಿಲ್ಲ. ಬರವಣಿಗೆಯಲ್ಲಿ ಬಿಟ್ಟರೆ ಒಳ್ಳೆಯದು. ನನ್ನನ್ನು ಕೇಳಿದರೆ ಈ ಪದವನ್ನು ಒಂಟಿಯಾಗಿ ಬಿಟ್ಟಷ್ಟೂ ಅದರ ತೂಕ ಜಾಸ್ತಿ.

ಈ ತೂಕವನ್ನು ಉಲ್ಟಾ ಬಳಸಿ ಕುಟುಕುವ ಒಂದು ಚಂದದ ರೂಢಿ ಇಂಗ್ಲಿಷಿನಲ್ಲಿದೆ. ‘ನಾಟ್ ಎಗ್ಸ್ಯಾಕ್ಟ್ಲಿ ಓವರ್‌ಜಾಯ್ಡ್’, ‘ಲೆಸ್ ದ್ಯಾನ್ ಓವರ್‌ಜಾಯ್ಡ್’. ಬಾಯಲ್ಲಿ ‘ಅಷ್ಟೇನೂ ಕುಣಿದಾಡಲಿಲ್ಲ’, ಮನಸ್ಸಿನಲ್ಲಿ ‘ಸಿಟ್ಟೇ ಬಂದಿತ್ತು’. ಮಳೆಗಾಲದಲ್ಲಿ ಶಿರಾಡಿ ಘಾಟಿಯಲ್ಲಿ ಗುಡ್ಡ ಜರಿದು ಬೆಂಗಳೂರು ಬಸ್ಸು ಸಾಲುಗಟ್ಟಿ ನಿಂತಿದೆ. ಕಂಡಕ್ಟರ್ ‘ಇನ್ನು ಮೂರು ಗಂಟೆ’ ಅನ್ನುತ್ತಾನೆ. ‘ದ ಪ್ಯಾಸೆಂಜರ್ಸ್ ವರ್ ಲೆಸ್ ದ್ಯಾನ್ ಓವರ್‌ಜಾಯ್ಡ್’. ಮೆಲುದನಿಯ ಕುಹಕ. ಮೇಲಧಿಕಾರಿಗೆ ಬರೆಯುವ ಪತ್ರದಲ್ಲಿ ಮಾತ್ರ ಇದನ್ನು ಪ್ರಯೋಗಿಸಬೇಡಿ.

ಎಲ್ಲಿ ಇಡಬೇಕು

ಮಂಗಳೂರು ಒಂದು ರೀತಿಯಲ್ಲಿ ನಿಘಂಟುಗಳ ಊರು. ಮ್ಯಾನರ್ ಅವರ ತುಳು–ಇಂಗ್ಲಿಷ್ ನಿಘಂಟು 1886ರಲ್ಲಿ, ಕಿಟ್ಟೆಲ್ ಅವರ ಕನ್ನಡ–ಇಂಗ್ಲಿಷ್ ನಿಘಂಟು 1894ರಲ್ಲಿ ಇಲ್ಲಿಂದಲೇ ಹೊರಬಂದವು. ಆದರೂ ನಾವು ನಿಘಂಟು ತೆರೆದರೆ ಅರ್ಥ ನೋಡಿ ಮುಚ್ಚಿಬಿಡುತ್ತೇವೆ. ಇಂಗ್ಲಿಷ್ ಕಲಿಯುವವರಿಗಾಗಿಯೇ ಮಾಡಿದ ನಿಘಂಟುಗಳಲ್ಲಿ ಅರ್ಥದ ಪಕ್ಕ ಸಣ್ಣ ಅಕ್ಷರದಲ್ಲಿ ಒಂದು ಸೂಚನೆ ಇರುತ್ತದೆ. ಓವರ್‌ಜಾಯ್ಡ್ ಪಕ್ಕದಲ್ಲಿ ಇರುವುದು ‘ನಾಮಪದದ ಮುಂಚೆ ಬರುವುದಿಲ್ಲ’ ಅನ್ನುವ ಸೂಚನೆ.

ಅಂದರೆ ‘ಹ್ಯಾಪಿ ಚೈಲ್ಡ್’ ಅನ್ನುವ ಹಾಗೆ ‘ಓವರ್‌ಜಾಯ್ಡ್ ಚೈಲ್ಡ್’ ಅನ್ನುವ ವಾಡಿಕೆ ಇಲ್ಲ. ‘ದ ಚೈಲ್ಡ್ ವಾಸ್ ಓವರ್‌ಜಾಯ್ಡ್’ ಅನ್ನಬೇಕು. ಪತ್ರಿಕೆಗಳಲ್ಲಿ ‘ಓವರ್‌ಜಾಯ್ಡ್ ಫ್ಯಾನ್ಸ್’, ‘ಓವರ್‌ಜಾಯ್ಡ್ ಪೇರೆಂಟ್ಸ್’ ಕಂಡೇ ಕಾಣುತ್ತದೆ, ಹೌದು. ವರದಿಗಾರರಿಗೆ ಜಾಗ ಉಳಿಸುವ ತುರ್ತು ಇರುತ್ತದೆ. ಪರೀಕ್ಷೆ ಬರೆಯುವವರು, ಅರ್ಜಿ ಬರೆಯುವವರು ಅದನ್ನು ಅನುಸರಿಸುವ ಅಗತ್ಯವಿಲ್ಲ.

ವಾಕ್ಯದ ಆರಂಭದಲ್ಲಿ ಇಡುವುದು ಮಾತ್ರ ಒಳ್ಳೆಯ ಬರವಣಿಗೆಯ ಲಕ್ಷಣ. ‘ಓವರ್‌ಜಾಯ್ಡ್ ಆ್ಯಟ್ ದ ನ್ಯೂಸ್, ಶಿ ರ್‍ಯಾನ್ ಟು ಹರ್ ನೇಬರ್ಸ್ ಹೌಸ್’. ಇಲ್ಲಿ ಎಚ್ಚರ ಬೇಕಾದದ್ದು ಕಾಮಾ ಆದ ತಕ್ಷಣ ಬರುವ ಪದದ ಬಗ್ಗೆ. ಖುಷಿಪಟ್ಟವರೇ ಅಲ್ಲಿ ಬರಬೇಕು. ಶಾಲಾ ವಾರ್ಷಿಕ ವರದಿಗಳಲ್ಲಿ ನಾನು ಎಷ್ಟೋ ಸಲ ನೋಡಿರುವ ಸಾಲು: ‘ಓವರ್‌ಜಾಯ್ಡ್ ಆ್ಯಟ್ ದ ರಿಸಲ್ಟ್, ಸ್ವೀಟ್ಸ್ ವರ್ ಡಿಸ್ಟ್ರಿಬ್ಯೂಟೆಡ್’. ಇದನ್ನು ಇಂಗ್ಲಿಷ್ ಕಿವಿ ಕೇಳುವುದು ಹೀಗೆ: ಫಲಿತಾಂಶ ಕಂಡು ಲಡ್ಡುಗಳೇ ಹಿಗ್ಗಿದವು, ಆಮೇಲೆ ಅವನ್ನು ಹಂಚಲಾಯಿತು. ‘ಓವರ್‌ಜಾಯ್ಡ್ ಆ್ಯಟ್ ದ ರಿಸಲ್ಟ್, ದ ಟೀಚರ್ಸ್ ಡಿಸ್ಟ್ರಿಬ್ಯೂಟೆಡ್ ಸ್ವೀಟ್ಸ್’ ಅಂತ ಬರೆದರೆ ಹಿಗ್ಗು ಟೀಚರುಗಳಿಗೆ ವಾಪಸ್ ಸಿಗುತ್ತದೆ.

ಯಾವಾಗ ಬಳಸಬೇಕು, ಯಾವಾಗ ಬೇರೆ ಪದ

ವ್ಯಾಕರಣ ಸರಿಯಿದ್ದೂ ಪದ ಕೆಟ್ಟು ಕಾಣಬಹುದು. ಓವರ್‌ಜಾಯ್ಡ್ ತುಂಬ ಕಾದದ್ದು ಕೊನೆಗೂ ಬಂದಾಗ, ಅಥವಾ ಊಹಿಸದ ಒಳ್ಳೆಯದು ಆದಾಗ ಹೇಳುವ ಪದ. ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರ ತನಕ, 61 ದಿನ, ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ನಿಷೇಧ. ಅದು ಮುಗಿದು ಮಲ್ಪೆ ಬಂದರಿಗೆ ಮೊದಲ ಸಲ ದೋಣಿ ತುಂಬ ಬಂಗುಡೆ ಬಂದರೆ ‘ದ ಫಿಶರ್‌ಮೆನ್ ವರ್ ಓವರ್‌ಜಾಯ್ಡ್ ಆ್ಯಟ್ ದ ಫಸ್ಟ್ ಕ್ಯಾಚ್’ ಅನ್ನುವುದು ಸರಿಯೇ. ನವೆಂಬರಿನ ಒಂದು ಮಾಮೂಲಿ ದಿನ ಮಾಮೂಲಿ ಬೂತಾಯಿ ಬಂದರೆ ‘ಪ್ಲೀಸ್ಡ್’ ಸಾಕು.

ಕಚೇರಿಯ ಪತ್ರಕ್ಕೆ ಇದು ಹೊಂದುವುದಿಲ್ಲ. ‘ವಿ ಆರ್ ಓವರ್‌ಜಾಯ್ಡ್ ಟು ಇನ್ಫಾರ್ಮ್ ಯು ದ್ಯಾಟ್ ಯುವರ್ ಲೋನ್ ಹ್ಯಾಸ್ ಬಿನ್ ಸ್ಯಾಂಕ್ಷನ್ಡ್’ ಅಂತ ಬ್ಯಾಂಕಿನಿಂದ ಪತ್ರ ಬಂದರೆ ಸಾಲ ತೆಗೆದುಕೊಂಡವನಿಗೇ ಹೆದರಿಕೆ ಆದೀತು. ಅಲ್ಲಿ ‘ಪ್ಲೀಸ್ಡ್’. ಮದುವೆ ಕಾಗದದಲ್ಲಿ, ಗೃಹಪ್ರವೇಶದ ಆಮಂತ್ರಣದಲ್ಲಿ, ಕೆಲಸ ಒಪ್ಪಿಕೊಂಡ ಮೇಲ್‌ನಲ್ಲಿ ‘ಡಿಲೈಟೆಡ್’ ಮರ್ಯಾದೆಯ ಪದ. ಯಾರಾದರೂ ಊಟಕ್ಕೆ ಕರೆದರೆ ‘ಐ ವುಡ್ ಬಿ ಡಿಲೈಟೆಡ್ ಟು ಕಮ್’. ಅಲ್ಲಿ ಓವರ್‌ಜಾಯ್ಡ್ ಅಂದರೆ ಎಷ್ಟು ದಿನದಿಂದ ಊಟ ಮಾಡಿಲ್ಲವೋ ಅಂದುಕೊಂಡಾರು.

ಅದೇ ಎತ್ತರದಲ್ಲಿ ಬೇರೆ ಪದಗಳೂ ಇವೆ. ಎಲ್ಲವೂ ಒಂದೇ ಅಲ್ಲ. ‘ಇಲೇಟೆಡ್’ ಸ್ವಲ್ಪ ಪುಸ್ತಕದ ಭಾಷೆ, ಗೆದ್ದವರ ಮನಸ್ಥಿತಿಗೆ ಚೆನ್ನ. ಹೇಳುವಾಗ ಒತ್ತು ‘ಲೇ’ ಮೇಲೆ. ‘ಥ್ರಿಲ್ಡ್’ ಈಗಿನವರ ಅಚ್ಚುಮೆಚ್ಚು. ಹೊಸ ಕೆಲಸ ಸಿಕ್ಕಿದವರೆಲ್ಲ ‘ಥ್ರಿಲ್ಡ್ ಟು ಅನೌನ್ಸ್’ ಅಂತಲೇ ಶುರು ಮಾಡಿ ಆ ಪದ ಸವೆದುಹೋಗಿದೆ ಅನ್ನುವುದು ನನ್ನ ಅಭಿಪ್ರಾಯ. ‘ಎಕ್‌ಸ್ಟ್ಯಾಟಿಕ್’ ಮೈಮರೆಯುವ ಖುಷಿ. ಬರೆಯುವಾಗ ಇ, ಸಿ, ಎಸ್ ಅಂತ ಶುರುವಾಗಬೇಕು, ಎಕ್ಸ್ ಅಕ್ಷರ ಅದರಲ್ಲಿಲ್ಲ. ಇದರ ಜೊತೆ ‘ಓವರ್’ ಮತ್ತು ‘ಅಬೌಟ್’ ಎರಡೂ ಹೊಂದುತ್ತವೆ. ‘ಓವರ್ ದ ಮೂನ್’ ಬ್ರಿಟಿಷರ ಆಡುಮಾತು, ಗೆಳೆಯರ ನಡುವೆ ಚೆನ್ನ.

‘ಜೂಬಿಲಂಟ್’ ಬಗ್ಗೆ ಎರಡು ಮಾತು ಜಾಸ್ತಿ ಹೇಳಬೇಕು, ಯಾಕೆಂದರೆ ಓವರ್‌ಜಾಯ್ಡ್ ಮಾಡಲಾರದ್ದನ್ನು ಅದು ಮಾಡುತ್ತದೆ. ಓವರ್‌ಜಾಯ್ಡ್ ಒಳಗಿನ ಖುಷಿ. ಬಾಯಿಬಿಡದೆ ಕೂತವನೂ ಓವರ್‌ಜಾಯ್ಡ್ ಆಗಿರಬಹುದು. ಜೂಬಿಲಂಟ್ ಹೊರಗೆ ಕಾಣುವ, ಕೇಳುವ ಖುಷಿ. ಕಂಬಳದ ಕರೆಯಲ್ಲಿ, ಅಂದರೆ ಓಟದ ಕೆಸರುಗದ್ದೆಯಲ್ಲಿ, ಕೋಣಗಳು ಓಟ ಮುಗಿಯುವ ತುದಿಯಾದ ಮಂಜೊಟ್ಟಿ ಮುಟ್ಟಿದಾಗ ಬೊಬ್ಬೆ ಹೊಡೆಯುವ ಜನ, ಮುಂಡಾಸು ತೆಗೆದು ಗಾಳಿಯಲ್ಲಿ ಬೀಸುವವರು, ಅವರು ಜೂಬಿಲಂಟ್. ಈ ಪದ ನಾಮಪದದ ಮುಂಚೆ ಧಾರಾಳವಾಗಿ ಬರುತ್ತದೆ: ‘ಎ ಜೂಬಿಲಂಟ್ ಕ್ರೌಡ್’, ‘ಜೂಬಿಲಂಟ್ ಸ್ಟೂಡೆಂಟ್ಸ್’. ಗುಂಪಿನ ಬಗ್ಗೆ, ವಿಜಯದ ಬಗ್ಗೆ ಬರೆಯುವಾಗ ಇದನ್ನೇ ಹಿಡಿಯಿರಿ.

ಒಂದು ಪತ್ರ ತಿದ್ದೋಣ

ತಿದ್ದಲು ಬರುವ ಪತ್ರಗಳು ಹೇಗಿರುತ್ತವೆ ಅನ್ನುವುದಕ್ಕೆ ಒಂದು ಮಾದರಿ ಕೊಡುತ್ತೇನೆ. ಕುಂದಾಪುರ ಕಡೆಯ ಹುಡುಗಿಯೊಬ್ಬಳು ತನ್ನ ಹಳೆಯ ಮೇಷ್ಟ್ರಿಗೆ ಬರೆದಿದ್ದಾಳೆ ಅಂದುಕೊಳ್ಳಿ:

‘ರೆಸ್ಪೆಕ್ಟೆಡ್ ಸರ್, ಐ ಆ್ಯಮ್ ವೆರಿ ಮಚ್ ಓವರ್‌ಜಾಯ್ಡ್ ಫಾರ್ ಗೆಟಿಂಗ್ ಜಾಬ್ ಇನ್ ಬ್ಯಾಂಕ್. ಮೈ ಪೇರೆಂಟ್ಸ್ ಓವರ್‌ಜಾಯ್ಡ್ ಬೈ ಹಿಯರಿಂಗ್ ದಿಸ್ ಓವರ್‌ಜಾಯ್ಡ್ ನ್ಯೂಸ್. ಐ ವಿಲ್ ಬಿ ಓವರ್‌ಜಾಯ್ಡ್ ಇಫ್ ಯು ಕೈಂಡ್ಲಿ ಸೆಂಡ್ ಮೈ ಕ್ಯಾರೆಕ್ಟರ್ ಸರ್ಟಿಫಿಕೇಟ್.’

ಮೊದಲ ವಾಕ್ಯದಲ್ಲಿ ‘ವೆರಿ ಮಚ್’ ಹೋಗಲಿ. ‘ಫಾರ್ ಗೆಟಿಂಗ್’ ಇದ್ದಲ್ಲಿ ‘ಟು’ ಬರಲಿ. ಇದು ಮೇಷ್ಟ್ರಿಗೆ ಸುದ್ದಿ ಮುಟ್ಟಿಸುವ ಪತ್ರ, ಹಾಗಾಗಿ ‘ಟು ಟೆಲ್ ಯು ದ್ಯಾಟ್’ ಇನ್ನೂ ಚೆನ್ನ. ‘ಜಾಬ್’, ‘ಬ್ಯಾಂಕ್’ ಎರಡರ ಮುಂಚೆಯೂ ಒಂದೊಂದು ‘ಎ’ ಬೇಕು. ಎರಡನೆಯದರಲ್ಲಿ ‘ವರ್’ ಬಿಟ್ಟುಹೋಗಿದೆ, ಸುದ್ದಿಗೆ ಮನಸ್ಸು ಬಂದಿದೆ. ಜೊತೆಗೆ ಇಡೀ ಪತ್ರದಲ್ಲಿ ಒಂದೇ ಪದ ನಾಲ್ಕು ಸಲ. ಒಂದು ಪತ್ರಕ್ಕೆ ಒಂದೇ ಓವರ್‌ಜಾಯ್ಡ್ ಸಾಕು. ಆದ್ದರಿಂದ ಅಪ್ಪ ಅಮ್ಮನಿಗೆ ‘ಡಿಲೈಟೆಡ್’ ಕೊಡೋಣ. ಮೂರನೆಯದು ಖುಷಿಯ ವಿಷಯವೇ ಅಲ್ಲ, ವಿನಂತಿ. ಸರ್ಟಿಫಿಕೇಟ್ ಕಳಿಸಿದರೆ ಕುಣಿದಾಡುತ್ತೇನೆ ಅನ್ನುವ ಬದಲು ಉಪಕಾರ ಆಗುತ್ತದೆ ಅನ್ನುವುದು ಸರಿ. ಅಲ್ಲಿಗೆ ‘ಗ್ರೇಟ್‌ಫುಲ್’.

‘ಡಿಯರ್ ಸರ್, ಐ ಆ್ಯಮ್ ಓವರ್‌ಜಾಯ್ಡ್ ಟು ಟೆಲ್ ಯು ದ್ಯಾಟ್ ಐ ಹ್ಯಾವ್ ಗಾಟ್ ಎ ಜಾಬ್ ಇನ್ ಎ ಬ್ಯಾಂಕ್. ಮೈ ಪೇರೆಂಟ್ಸ್ ವರ್ ಡಿಲೈಟೆಡ್ ಟು ಹಿಯರ್ ದ ನ್ಯೂಸ್. ಐ ವುಡ್ ಬಿ ಗ್ರೇಟ್‌ಫುಲ್ ಇಫ್ ಯು ಕುಡ್ ಸೆಂಡ್ ಮೀ ಮೈ ಕ್ಯಾರೆಕ್ಟರ್ ಸರ್ಟಿಫಿಕೇಟ್.’

ಅಭ್ಯಾಸಕ್ಕೆ

ಕನ್ನಡದಲ್ಲಿ ಯೋಚಿಸಿ ಇಂಗ್ಲಿಷಿಗೆ ತಿರುಗಿಸುವ ಅಭ್ಯಾಸ ಒಳ್ಳೆಯದಲ್ಲ ಅನ್ನುತ್ತಾರೆ. ಶುರುವಿನಲ್ಲಿ ಬೇರೆ ದಾರಿ ಇಲ್ಲ ಅನ್ನುವುದು ನನ್ನ ಅನಿಸಿಕೆ. ತಿರುಗಿಸುವಾಗ ಖುಷಿ ಯಾರದ್ದು, ಕಾರಣ ಏನು, ಕೆಲಸ ಮಾಡಿದ್ದು ಯಾರು ಅಂತ ಮೂರು ಪ್ರಶ್ನೆ ಕೇಳಿಕೊಂಡರೆ ಆಯಿತು. ಕೆಳಗಿನವನ್ನು ಮೊದಲು ನೀವೇ ಬರೆದು, ಆಮೇಲೆ ಉತ್ತರ ನೋಡಿ.

ಅಣ್ಣ ಮನೆಗೆ ಬಂದದ್ದಕ್ಕೆ ತಂಗಿಗೆ ಖುಷಿಯೋ ಖುಷಿ. ನಿಮಗೆ ಪ್ರಮೋಷನ್ ಸಿಕ್ಕಿತಂತೆ, ನಿಮ್ಮ ಬಗ್ಗೆ ನನಗೆ ತುಂಬಾ ಖುಷಿ ಆಯ್ತು. ಕಳೆದುಹೋದ ಸರ ಸಿಕ್ಕಿ ಅಜ್ಜಿ ಹಿಗ್ಗಿದರು. ಪಂದ್ಯ ಗೆದ್ದ ಖುಷಿಯಲ್ಲಿ ಹುಡುಗರು ನೆಹರು ಮೈದಾನಕ್ಕೆ ಒಂದು ಸುತ್ತು ಹಾಕಿದರು. ಭಾನುವಾರವೂ ಕ್ಲಾಸ್ ಇದೆ ಅಂದಾಗ ಮಕ್ಕಳಿಗೇನೂ ಅಂಥ ಖುಷಿ ಆಗಲಿಲ್ಲ.

ಮೊದಲನೆಯದರಲ್ಲಿ ಬಂದದ್ದು ಅಣ್ಣ, ಖುಷಿ ತಂಗಿಗೆ. ಇಬ್ಬರು ಬೇರೆ, ಆದ್ದರಿಂದ ‘ಶಿ ವಾಸ್ ಓವರ್‌ಜಾಯ್ಡ್ ದ್ಯಾಟ್ ಹರ್ ಬ್ರದರ್ ಹ್ಯಾಡ್ ಕಮ್ ಹೋಮ್’. ಎರಡನೆಯದು ‘ಐ ಆ್ಯಮ್ ಓವರ್‌ಜಾಯ್ಡ್ ಫಾರ್ ಯು’. ‘ಐ ಆ್ಯಮ್ ಓವರ್‌ಜಾಯ್ಡ್ ಟು ಹಿಯರ್ ಆಫ್ ಯುವರ್ ಪ್ರಮೋಷನ್’ ಅಂದರೂ ಪೂರ್ತಿ ಅಂಕ. ಮೂರನೆಯದರಲ್ಲಿ ಹುಡುಕಿದ್ದು ಯಾರು ಅಂತ ಹೇಳಿಲ್ಲ. ಅಜ್ಜಿಯೇ ಹುಡುಕಿದ್ದಾದರೆ ‘ಗ್ರ್ಯಾಂಡ್‌ಮದರ್ ವಾಸ್ ಓವರ್‌ಜಾಯ್ಡ್ ಟು ಫೈಂಡ್ ಹರ್ ಲಾಸ್ಟ್ ಚೈನ್’. ಮೊಮ್ಮಗ ಹುಡುಕಿಕೊಟ್ಟದ್ದಾದರೆ ‘ವೆನ್ ಹರ್ ಗ್ರ್ಯಾಂಡ್‌ಸನ್ ಫೌಂಡ್ ಹರ್ ಚೈನ್’. ನಾಲ್ಕನೆಯದು ‘ಓವರ್‌ಜಾಯ್ಡ್ ಆ್ಯಟ್ ದೇರ್ ವಿಕ್ಟರಿ, ದ ಬಾಯ್ಸ್ ರ್‍ಯಾನ್ ಎ ಲ್ಯಾಪ್ ಅರೌಂಡ್ ನೆಹರು ಮೈದಾನ್’. ಕಾಮಾ ಆದ ಮೇಲೆ ಹುಡುಗರೇ ಬಂದರೇ, ನೋಡಿಕೊಳ್ಳಿ. ಗುಂಪು, ಗೆಲುವು ಎರಡೂ ಇರುವುದರಿಂದ ‘ದ ಜೂಬಿಲಂಟ್ ಬಾಯ್ಸ್’ ಅಂತ ಬರೆದಿದ್ದರೆ ಅದು ಇನ್ನೂ ಮೇಲು. ಕೊನೆಯದು ‘ದ ಚಿಲ್ಡ್ರನ್ ವರ್ ನಾಟ್ ಎಗ್ಸ್ಯಾಕ್ಟ್ಲಿ ಓವರ್‌ಜಾಯ್ಡ್ ಟು ಹಿಯರ್ ದ್ಯಾಟ್ ದೇರ್ ವುಡ್ ಬಿ ಕ್ಲಾಸಸ್ ಆನ್ ಸಂಡೇ’. ಇಲ್ಲಿ ‘ಟು’ ಹೇಗೆ ಬಂತು ಅಂದರೆ, ಕ್ಲಾಸ್ ಇಟ್ಟದ್ದು ಬೇರೆಯವರೇ ಆದರೂ ಅದನ್ನು ಕೇಳಿಸಿಕೊಂಡದ್ದು ಮಕ್ಕಳು.